ಪದಚರ್ಚೆ: ರಿಸೋಲ್, ರಿಬಟನ್ ಮತ್ತು ಲಾರಿ ಟೈರಿನ ‘ಅಟ್ಟೆ’

ಬಳಗದ ಎಲ್ಲರಿಗೂ ನಮಸ್ಕಾರ.

ಕಡಿಮೆ ಖರ್ಚಿನಲ್ಲಿ ಟೈರ್ ಬದಲಿಸುವುದು ಹೇಗೆ ಅಂತ ಟಿಪ್ಪರ್ ಇಟ್ಟುಕೊಂಡವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ನೆರವು ಬೇಕು.

ಟೈರಿನ ಮೇಲ್ಮೈ ಸವೆದಿದ್ದರೂ ಒಳಮೈ ಗಟ್ಟಿಯಿದ್ದರೆ, ಉಳಿದ ರಬ್ಬರನ್ನು ಉಜ್ಜಿ ತೆಗೆದು ಹೊಸ ಪಟ್ಟಿ ಸುತ್ತಿ ಬೇಯಿಸುತ್ತಾರೆ. ಹೊಸ ಟೈರಿನ ಅರ್ಧ ಬೆಲೆಯೂ ಆಗುವುದಿಲ್ಲ. ಇದಕ್ಕೆ ನಾನು ‘ಮರುಪದರೀಕರಣ’ ಎಂದು ಬರೆದಿದ್ದೆ. ನನ್ನ ತಮ್ಮ ಹೊಸಪೇಟೆಯಲ್ಲಿದ್ದಾನೆ, ಹತ್ತು ಚಕ್ರದ ಟಿಪ್ಪರಿನಲ್ಲಿ ಸಂಡೂರು ಕಡೆಯಿಂದ ಅದಿರು ಹೊಡೆಯುತ್ತಾನೆ. ಅವನಿಗೆ ಓದಿ ಹೇಳಿದೆ. “ಅಣ್ಣಾ, ಇದು ಯಾರಿಗೆ ತಿಳಿತೈತಿ? ರಿಸೋಲ್ ಅಂತ ಬರಿ, ಇಲ್ಲಾಂದ್ರ ರಬ್ಬರ್ ಹಾಕ್ಸೋದು ಅಂತ ಬರಿ” ಅಂದ. ಅವನು ಹೇಳಿದ್ದು ಸರಿ. ಅಲ್ಲೇ ಆ ಪದ ಹೊಡೆದುಹಾಕಿದೆ.

ಆದರೆ ‘ರಿಸೋಲ್’ ಎಂದು ಬರೆದು ಸುಮ್ಮನಾಗಲೂ ಮನಸ್ಸು ಒಪ್ಪುತ್ತಿಲ್ಲ. ಅದಕ್ಕೆ ಕಾರಣ ಅವನಿಗೇ ಆದ ನಷ್ಟ. ಹಿಂದೊಮ್ಮೆ ಹಿಂದಿನ ಜೋಡಿಗೆ ಅಂತ ಒಂದು ಅಂಗಡಿಯಲ್ಲಿ ಎರಡು ಟೈರ್ ತಂದಿದ್ದ. ‘ರಿಬಟನ್ ಮಾಡಿದ್ದು’ ಅಂತ ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ತಮ್ಮ ಅದನ್ನು ರಿಸೋಲ್‌ನ ಇನ್ನೊಂದು ಹೆಸರು ಅಂದುಕೊಂಡ. ಮೂರನೇ ವಾರ ಲೋಡಿನಲ್ಲಿ ಒಂದು ಸಿಡಿಯಿತು. ಉಳಿದ ಇನ್ನೊಂದನ್ನು ಕೆಳಗಿಳಿಸಿ ಉಗುರಿನಿಂದ ಗೀರಿನೊಳಗಿನ ಮಣ್ಣು ಕೆರೆದು ನೋಡಿದೆವು. ತಳದಲ್ಲಿ ತುಕ್ಕು ಹಿಡಿದ ಉಕ್ಕಿನ ತಂತಿ ಕಾಣುತ್ತಿತ್ತು. ಅದಕ್ಕೆ ಹೊಸ ರಬ್ಬರ್ ಬಿದ್ದೇ ಇರಲಿಲ್ಲ. ಬೋಳಾದ ಟೈರಿನಲ್ಲಿ ಉಳಿದಿದ್ದ ತೆಳು ರಬ್ಬರನ್ನೇ ಕಾಯಿಸಿದ ಬ್ಲೇಡಿನಿಂದ ಕೊರೆದು, ಗೀರು ಆಳವಾಗಿರುವಂತೆ ಕಾಣಿಸಿದ್ದರು. ಹೀಗೆ ಕೊರೆಯಲೆಂದೇ ತಳದಲ್ಲಿ ಹೆಚ್ಚು ರಬ್ಬರ್ ಇಟ್ಟು ಮಾಡುವ ಲಾರಿ ಟೈರುಗಳೂ ಇವೆ, ಅವುಗಳ ಪಕ್ಕದಲ್ಲಿ ‘ರಿಗ್ರೂವಬಲ್’ ಎಂದು ಅಚ್ಚಾಗಿರುತ್ತದೆ. ಇದರಲ್ಲಿ ಆ ಅಚ್ಚು ಇರಲಿಲ್ಲ.

ನನ್ನ ತೊಡಕು ಇರುವುದು ಇಲ್ಲೇ. ರಿಸೋಲ್, ರಿಟ್ರೆಡ್, ರಿಬಟನ್, ರಿಗ್ರೂವ್, ಎಲ್ಲವೂ ‘ರಿ’ಯಿಂದಲೇ ಶುರು. ಕೇಳುವ ಕಿವಿಗೆ ಎಲ್ಲ ಒಂದೇ: ‘ಏನೋ ರಿಪೇರಿ ಮಾಡಿದ್ದಾರೆ’. ಮೊದಲಿನ ಎರಡರಲ್ಲಿ ರಬ್ಬರ್ ಕೂಡುತ್ತದೆ, ಕೊನೆಯ ಎರಡರಲ್ಲಿ ರಬ್ಬರ್ ಕಳೆಯುತ್ತದೆ. ಕನ್ನಡದ ಕ್ರಿಯಾಪದ ಈ ಗೊಂದಲಕ್ಕೆ ಎಡೆ ಕೊಡುವುದಿಲ್ಲ. ‘ಹಾಕಿಸಿದ್ದೋ, ಕೊರೆಸಿದ್ದೋ?’ ಎಂದು ಕೇಳಿದರೆ ಅಂಗಡಿಯವನು ಎರಡರಲ್ಲಿ ಒಂದನ್ನು ಹೇಳಲೇಬೇಕು.

ಏನು ಹಾಕಿಸಿದ್ದು ಎಂದರೆ, ನನಗೆ ಹೊಳೆದದ್ದು ‘ಅಟ್ಟೆ’. ಸೋಲ್ ಎಂದರೆ ಚಪ್ಪಲಿಯ ಅಟ್ಟೆಯೇ. ಅಟ್ಟೆ ಸವೆದರೆ ಎಕ್ಕಡ ಎಸೆಯದೆ ಹೊಸ ಅಟ್ಟೆ ಹೊಲಿಸಿದ ಮಂದಿ ನಾವು, ಟೈರಿಗೂ ಅದೇ ಲೆಕ್ಕ. ‘ಟ್ರೆಡ್’ ಕೂಡ ದೂರದ್ದಲ್ಲ. ಇಂಗ್ಲಿಷಿನಲ್ಲಿ ಅದು ತುಳಿಯುವುದು, ಮೆಟ್ಟಿಲಿನ ಕಾಲಿಡುವ ಜಾಗ, ಟೈರಿನ ನೆಲ ತಾಗುವ ಭಾಗ, ಮೂರೂ ಹೌದು. ನಮ್ಮ ‘ಮೆಟ್ಟು’ ತುಳಿಯುವುದೂ ಹೌದು, ಕಾಲಿನ ಚಪ್ಪಲಿಯೂ ಹೌದು, ಮೆಟ್ಟಿಲು ಅದರದೇ ಕುಲ. ಆದರೂ ನನ್ನ ಒಲವು ‘ಅಟ್ಟೆ ಹಾಕಿಸಿದ ಟೈರ್’ ಕಡೆಗೆ. ಮೊದಲ ಸಲ ‘ರಿಸೋಲ್, ಅಂದರೆ ಅಟ್ಟೆ ಹಾಕಿಸುವುದು’ ಎಂದು ಬರೆದು, ಮುಂದೆ ಎರಡನ್ನೂ ಬಳಸುವ ಯೋಚನೆ. ಇನ್ನೊಂದಕ್ಕೆ ‘ಕೊರೆಸಿದ ಟೈರ್’.

‘ಬಟನ್’ ಅನ್ನು ಮಾತ್ರ ಮುಟ್ಟುವುದಿಲ್ಲ. ಚಾಲಕರಿಗೆ ಬಟನ್ ಎಂದರೆ ಟೈರಿನ ಮೇಲೆ ಉಬ್ಬಿದ ತುಂಡು. ಗುಂಡಿ ಎಂದು ಅನುವಾದಿಸಿದರೆ ಅಂಗಿಯ ಗುಂಡಿಯೂ ಆಗಬಹುದು, ನೆಲದ ಗುಂಡಿಯೂ ಆಗಬಹುದು. ಉಬ್ಬಿಗೂ ತಗ್ಗಿಗೂ ಒಂದೇ ಮಾತಾಗಿ, ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬ ನಿಯಮವನ್ನು ವಿವರಿಸುವುದೇ ಕಷ್ಟವಾಗುತ್ತದೆ. ‘ಸ್ಟೆಪ್ನಿ’ಯೂ ಹಾಗೆಯೇ ಇರಲಿ. ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ತಯಾರಾಗುತ್ತಿದ್ದ ಬಿಡಿ ಚಕ್ರದ ಹೆಸರು ಅದು. ಅದಕ್ಕಿಂತ ಚೆನ್ನಾಗಿ ಕನ್ನಡವಾದ ಪದ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ.

ರಿಸೋಲ್‌ನಲ್ಲಿ ‘ಕೋಲ್ಡ್’, ‘ಹಾಟ್’ ಎಂದು ಎರಡು ಬಗೆ, ಅದರ ಬಗ್ಗೆಯೂ ಒಂದು ಮಾತು ಕೇಳಬೇಕು. ಮೊದಲೇ ಬಟನ್ ಮೂಡಿಸಿದ ಪಟ್ಟಿ ಅಂಟಿಸುವುದು ಕೋಲ್ಡ್, ಅಚ್ಚಿನಲ್ಲಿಟ್ಟು ಬಟನ್ ಮೂಡಿಸುವುದು ಹಾಟ್. ಕೋಲ್ಡ್‌ನಲ್ಲೂ ಸುಮಾರು 100 ಡಿಗ್ರಿ ಶಾಖ ಇರುತ್ತದೆ, ಹಾಟ್‌ನಲ್ಲಿ 150ರ ಆಸುಪಾಸು. ‘ತಣ್ಣನೆಯ ವಿಧಾನ’ ಎಂದು ಬರೆದರೆ ಸುಳ್ಳಾಗುತ್ತದೆ. ‘ಪಟ್ಟಿ ಅಟ್ಟೆ’, ‘ಅಚ್ಚಿನ ಅಟ್ಟೆ’ ಎಂದರೆ ಹೇಗೆ?

ಒಳಮೈಗೆ ‘ಕೇಸಿಂಗ್’ ಎನ್ನುತ್ತಾರೆ, ನಾನು ‘ಮೈ’ ಎಂದೇ ಬರೆದಿದ್ದೇನೆ. ರಿಸೋಲ್ ಅಂಗಡಿಯ ಹಿರಿಯರೊಬ್ಬರು ಟೈರಿನೊಳಗೆ ಬಲ್ಬ್ ಹಿಡಿದು, ಅಂಗೈ ಸವರುತ್ತ ಪೂರ್ತಿ ಒಂದು ಸುತ್ತು ಬಂದು, ಒಂದು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಮೈ ಸತ್ತದ, ಇದಕ್ಕ ರೊಕ್ಕ ಹಾಕಬ್ಯಾಡ್ರಿ” ಅಂದದ್ದನ್ನು ನಾನೇ ಕೇಳಿದ್ದೇನೆ. ಅದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ನನಗೆ ಬೇಡ. ಕೈಪಿಡಿಯ ಸಲಹೆಯೂ ಅದರ ಮೇಲೇ ನಿಂತಿದೆ: ಮುಂದಿನ ಎರಡಕ್ಕೆ ಹೊಸ ಟೈರ್, ಹಿಂದಿನ ಎಂಟಕ್ಕೆ ಮೈ ಗಟ್ಟಿಯಿರುವ, ಅಟ್ಟೆ ಹಾಕಿಸಿದ ಟೈರ್.

ಈಗ ನಿಮ್ಮಿಂದ ತಿಳಿಯಬೇಕಾದದ್ದು. ಕರಾವಳಿ, ಮಲೆನಾಡು, ಮೈಸೂರು ಕಡೆಯವರ ಬಾಯಲ್ಲಿ ‘ಅಟ್ಟೆ’ ಇನ್ನೂ ಇದೆಯೇ? ಟೈರಿಗೆ ಅದನ್ನು ಯಾರಾದರೂ ಅಂದದ್ದು ಕೇಳಿದ್ದೀರಾ? ಇನ್ನೊಂದು, ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಕೂರಿಸಿ ನೀರು ಸುರಿಯುತ್ತಿದ್ದರಲ್ಲ, ಆ ಕೆಲಸಕ್ಕೆ ನಿಮ್ಮೂರಲ್ಲಿ ಏನನ್ನುತ್ತಿದ್ದರು? ಹಳಿ ಕಟ್ಟುವುದೋ, ಏರಿಸುವುದೋ, ಬಿಗಿಯುವುದೋ? ಹೊಸ ಪಟ್ಟಿಯನ್ನು ಟೈರಿಗೆ ಸುತ್ತುವ ಹಂತಕ್ಕೆ ನನಗೆ ಆ ಕ್ರಿಯಾಪದ ಬೇಕಾಗಿದೆ.