ಹಳೆಯ ಅಂಬಾಸಡರ್: ಬಲ್ಬ್ ಬದಲಿಸಿದರೂ ಎಡಗಡೆಯ ಹೆಡ್‌ಲೈಟ್ ಮಂಕಾಗಿಯೇ ಉರಿಯುತ್ತಿದೆ

ಪ್ರಶ್ನೆ (ಬಳ್ಳಾರಿ)

ನಮ್ಮಲ್ಲಿ 1996ರ ಡೀಸೆಲ್ ಅಂಬಾಸಡರ್ ಇದೆ. ಈಚೆಗೆ ಅದರ ಎಡಗಡೆಯ ಹೆಡ್‌ಲೈಟ್ ಕೆಂಪಗೆ, ಜೀವವಿಲ್ಲದಂತೆ ಉರಿಯುತ್ತಿದೆ. ಡಿಪ್ ಮಾಡಿದರೂ ಅಷ್ಟೇ, ಹೈ ಬೀಮ್‌ಗೆ ಹಾಕಿದರೂ ಅಷ್ಟೇ. ಬಲಗಡೆಯದು ತಕ್ಕಮಟ್ಟಿಗೆ ಪರವಾಗಿಲ್ಲ. ಎರಡೂ ಬಲ್ಬುಗಳನ್ನು ಅದಲುಬದಲು ಮಾಡಿ ನೋಡಿದೆ. ಯಾವ ಬಲ್ಬ್ ಹಾಕಿದರೂ ಎಡಗಡೆ ಮಂಕೇ. ಫ್ಯೂಸುಗಳು ಸರಿಯಾಗಿವೆ. ಮುಂಭಾಗದ ವೈರಿಂಗನ್ನು ಪೂರ್ತಿ ಹೊಸದಾಗಿ ಎಳೆಯಬೇಕು, ಅದು ಬೇಡವೆಂದರೆ 100/90 ವ್ಯಾಟ್‌ನ (ಹೈ ಬೀಮ್‌ಗೆ 100, ಲೋ ಬೀಮ್‌ಗೆ 90) ಬಲ್ಬ್ ಹಾಕಿಬಿಡಿ ಎಂದು ಇಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರು ಹೇಳುತ್ತಾರೆ. ಭತ್ತದ ಕೊಯ್ಲಿನ ದಿನಗಳಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಎದುರಾಗುವುದರಿಂದ ಇದನ್ನು ಹೀಗೆಯೇ ಬಿಡುವಂತಿಲ್ಲ. ಅಷ್ಟು ಖರ್ಚಿಗೆ ಇಳಿಯುವ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ? ಮಲ್ಟಿಮೀಟರ್ ಇದೆ.

ಉತ್ತರ (ರಾಯಚೂರು)

ವೈರಿಂಗ್ ಬಿಚ್ಚಿಸಬೇಡಿ ಸರ್. ಮೊದಲು ಒಂದನ್ನು ಗಮನಿಸಿ: ದೀಪ ಲೋ ಬೀಮ್‌ನಲ್ಲಿದ್ದಾಗ ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ಸೂಚಕ ಸಣ್ಣಗೆ ಉರಿಯುತ್ತದೆಯೇ? ಉರಿಯುತ್ತಿದ್ದರೆ ದೋಷ ಬಹುಮಟ್ಟಿಗೆ ಎಡಗಡೆಯ ಅರ್ಥ್‌ನಲ್ಲಿ, ಅಂದರೆ ಕರೆಂಟು ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಜೋಡಣೆಯಲ್ಲಿದೆ.

ಕಾರಣ ಇಷ್ಟು. ಈ ಬಲ್ಬಿನೊಳಗೆ ಎರಡು ಫಿಲಮೆಂಟುಗಳಿದ್ದು, ಎರಡಕ್ಕೂ ಅರ್ಥ್ ಪಿನ್ ಒಂದೇ. ಆ ಅರ್ಥ್ ಕಡಿದುಹೋದಾಗ ಲೋ ಫಿಲಮೆಂಟಿಗೆ ಬಂದ ಕರೆಂಟು ಗಾಡಿಯ ಮೈಗೆ ಇಳಿಯಲು ದಾರಿ ಸಿಗದೆ, ಅದೇ ಬಲ್ಬಿನ ಹೈ ಫಿಲಮೆಂಟಿನ ಮೂಲಕ ಹಿಮ್ಮುಖವಾಗಿ ಹೈ ಬೀಮ್ ವೈರಿಗೆ ನುಗ್ಗಿ, ಅಲ್ಲಿಂದ ಬಲಗಡೆಯ ಬಲ್ಬಿನ ಹೈ ಫಿಲಮೆಂಟನ್ನು ದಾಟಿ ಅರ್ಥ್ ಸೇರುತ್ತದೆ. ಹೀಗೆ ಮೂರು ಫಿಲಮೆಂಟುಗಳು ಒಂದೇ ಸಾಲಿನಲ್ಲಿ ನಿಂತು 12 ವೋಲ್ಟನ್ನು ಹಂಚಿಕೊಳ್ಳುವುದರಿಂದ ಒಂದೊಂದಕ್ಕೆ ಸುಮಾರು 4 ವೋಲ್ಟ್ ಮಾತ್ರ ಸಿಗುತ್ತದೆ. ನೀಲಿ ದೀಪವೂ ಆ ಹೈ ಬೀಮ್ ವೈರಿಗೇ ಜೋಡಣೆಯಾಗಿರುವುದರಿಂದ ಕರೆಯದೆಯೇ ಹೊತ್ತಿಕೊಳ್ಳುತ್ತದೆ.

ಖಚಿತಪಡಿಸಿಕೊಳ್ಳಲು, ಲೈಟ್ ಹಾಕಿಟ್ಟು ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪು ಕಡ್ಡಿಯನ್ನು ಹೋಲ್ಡರಿನ ಅರ್ಥ್ ಪಿನ್ನಿಗೂ ಹಿಡಿಯಿರಿ. 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. ಹಲವು ವೋಲ್ಟ್ ತೋರಿಸಿದರೆ ಆ ಪಿನ್ನಿನಿಂದ ನೇರವಾಗಿ ನೆಗೆಟಿವ್‌ಗೆ ಒಂದು ತುಂಡು ವೈರ್ ಮುಟ್ಟಿಸಿ. ದೀಪ ಬೆಳ್ಳಗಾಗಬೇಕು, ನೀಲಿ ಸೂಚಕ ಆರಬೇಕು.

ಉತ್ತರ (ಕೊಪ್ಪಳ)

ಮೇಲಿನವರ ಮಾತು ಸರಿಯಾಗಿದೆ. 100/90ರ ಬಲ್ಬಿನ ವಿಚಾರಕ್ಕಷ್ಟೇ ಒಂದು ಮಾತು. ಅರ್ಥ್ ಕೆಟ್ಟಿರುವಾಗ ಅದರಿಂದ ಬೆಳಕು ಹೆಚ್ಚುವುದಿಲ್ಲ. ಅರ್ಥ್ ಸರಿಯಿದ್ದರೆ ಹೈ ಬೀಮ್‌ನಲ್ಲಿ ಎರಡು ಬಲ್ಬು ಸೇರಿ 16 ಆಂಪಿಯರ್‌ಗೂ ಮೀರಿ ಎಳೆಯುತ್ತವೆ. 60/55ರ ಜೋಡಿ ಎಳೆಯುವುದು ಸುಮಾರು 10 ಮಾತ್ರ. ಹಳೆಯ ಸ್ವಿಚ್ಚು, ಹೋಲ್ಡರುಗಳು ಆ ಬಿಸಿಗೆ ಕರಗುತ್ತವೆ. ಅದೂ ನಮ್ಮ ಕಡೆಯ ಬೇಸಿಗೆಯಲ್ಲಿ!

ಪ್ರಶ್ನೆ ಕೇಳಿದವರು

ನೀಲಿ ದೀಪ ನಿಜಕ್ಕೂ ಸಣ್ಣಗೆ ಉರಿಯುತ್ತಿತ್ತು, ಹಗಲಿನಲ್ಲಿ ಕಾಣದಷ್ಟು. ಅರ್ಥ್ ಪಿನ್ನಿನಲ್ಲಿ 7 ವೋಲ್ಟಿಗೂ ಮೇಲೆ ತೋರಿಸಿತು. ವೈರನ್ನು ಹಿಡಿದುಕೊಂಡು ಹೋದರೆ, ಅದು ದೀಪದ ಹಿಂದೆ ಮಡ್‌ಗಾರ್ಡಿನ ಒಳಮೈಗೆ ಒಂದು ಸ್ಕ್ರೂನಿಂದ ಬಿಗಿದಿತ್ತು. ಸಂಡೂರು ಕಡೆಯ ಅದಿರು ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿಯಾದ್ದರಿಂದ ಅಲ್ಲಿ ಕೆಂಪು ಧೂಳು ಮಳೆನೀರಿನೊಂದಿಗೆ ಸೇರಿ ಹೆಪ್ಪುಗಟ್ಟಿತ್ತು. ಅದನ್ನು ಕೆರೆದಾಗ ಲಗ್ಗಿನ (ವೈರಿನ ತುದಿಗೆ ಹಾಕಿ ಸ್ಕ್ರೂನಿಂದ ಬಿಗಿಯುವ ಲೋಹದ ತುಂಡಿನ) ಕೆಳಗೆ ತುಕ್ಕಿನ ಹೊಪ್ಪಳಿಕೆ, ವೈರಿನ ಬಾಯಲ್ಲಿ ಹಸಿರು ಕಿಲುಬು ಕಂಡವು. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ ಹೊಸ ಲಗ್ ಹಾಕಿ, ತಗಡನ್ನು ಹೊಳೆಯುವವರೆಗೆ ಎಮೆರಿ ಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಎರಡೂ ದೀಪಗಳು ಈಗ ಸಮನಾಗಿವೆ.

ಆದರೆ ಎರಡೂ ಹಳದಿಯೇ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ಇದ್ದರೆ, ಬಲ್ಬಿನ ಎರಡು ಪಿನ್ನುಗಳ ನಡುವೆ 11.8 ಮಾತ್ರ ಬರುತ್ತಿದೆ.

ಉತ್ತರ (ಗಂಗಾವತಿ)

ಆ 2.1 ವೋಲ್ಟ್ ಸಣ್ಣದಲ್ಲ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಸಿಗಬೇಕಾದ ಬೆಳಕಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ರಸ್ತೆಗೆ ಬೀಳುತ್ತಿದೆ. ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಡಿಪ್ಪರ್ ಸ್ವಿಚ್ಚನ್ನು ದಾಟಿ, ಸಣ್ಣ ವೈರಿನಲ್ಲಿ ಮುಂದಕ್ಕೆ ಬರುವಾಗ ಸವೆದ ಕಾಂಟ್ಯಾಕ್ಟುಗಳಲ್ಲಿ ಆ ವೋಲ್ಟೇಜು ಸೋರಿಹೋಗುತ್ತಿದೆ.

ಲೋ ಮತ್ತು ಹೈ ಎರಡಕ್ಕೂ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿ. ಈಗ ಬಲ್ಬಿಗೆ ಬರುತ್ತಿರುವ ವೈರನ್ನು ರಿಲೇಯ 86ನೇ ನಂಬರಿನ ಪಿನ್ನಿಗೆ ಕೊಡಿ, 85ನ್ನು ಅರ್ಥ್ ಮಾಡಿ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಎರಡೂ ಬಲ್ಬುಗಳಿಗೆ 2.5 ಚದರ ಮಿಲಿಮೀಟರ್‌ನ ವೈರ್ ಎಳೆಯಿರಿ. ಆಗ ಸ್ವಿಚ್ಚಿನ ಪಾಲಿಗೆ ಉಳಿಯುವುದು ರಿಲೇಯ ಕಾಯಿಲಿಗೆ ಬೇಕಾದ ಅತ್ಯಲ್ಪ ಕರೆಂಟು ಮಾತ್ರ. ಜಪಾನ್ ಮೂಲದ ಕೆಲವು ಕಾರುಗಳಲ್ಲಿ ಸ್ವಿಚ್ಚು ಅರ್ಥ್ ಬದಿಯಲ್ಲಿರುತ್ತದೆ. ಅವಕ್ಕೆ ಈ ಜೋಡಣೆ ಹೊಂದುವುದಿಲ್ಲ.

ಲೋ, ಹೈ ಎರಡಕ್ಕೂ ಸೇರಿಸಿ ಒಂದೇ ಫ್ಯೂಸ್ ಹಾಕಿ ಮುಗಿಸುವವರಿದ್ದಾರೆ, ಒಪ್ಪಬೇಡಿ. ಅದು ಹೋದರೆ ನಡುರಾತ್ರಿಯಲ್ಲಿ ಎರಡೂ ಕಣ್ಣು ಒಮ್ಮೆಲೇ ಮುಚ್ಚುತ್ತವೆ. 15 ಆಂಪಿಯರ್‌ನ ಎರಡು ಬೇರೆ ಬೇರೆ ಫ್ಯೂಸುಗಳನ್ನು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಹಾಕಿಸಿ. ರಿಲೇಗಳ ಪಿನ್ನುಗಳು ಕೆಳಮುಖವಾಗಿರಲಿ; ಮೇಲ್ಮುಖವಾಗಿದ್ದರೆ ಗಾಡಿ ತೊಳೆದ ನೀರು ಅಲ್ಲಿಯೇ ನಿಂತು ಮತ್ತೆ ಕಿಲುಬು ಹಿಡಿಯುತ್ತದೆ.