ಹಳೆಯ ಬೇಸ್ ಗಿಟಾರಿನ ಬಣ್ಣ ಎದ್ದು ಬರುತ್ತಿದೆ: ಪೂರ್ತಿ ಕೆರೆಸಬೇಕೇ?

ಪ್ರಶ್ನೆ (ನೀರ್ಚಾಲಿನಿಂದ):
ನಮಸ್ಕಾರ ಅಣ್ಣ. ನನ್ನ ಸೋದರಮಾವ ಕುವೈತಿನಲ್ಲಿದ್ದಾಗ ಕೊಂಡಿದ್ದ ಜಪಾನಿನ ಬೇಸ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ಎಪ್ಪತ್ತರ ದಶಕದ್ದಂತೆ. ನಡುವೆ ಹಳದಿ, ಅಂಚಿಗೆ ಕಪ್ಪಾಗುವ ಸನ್‌ಬರ್ಸ್ಟ್ ಬಣ್ಣ. ಅಂಚುಗಳಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಬೆನ್ನಿನಲ್ಲಿ ಸ್ಟ್ಯಾಂಡಿನ ರಬ್ಬರ್ ತಾಗುತ್ತಿದ್ದ ಕಡೆ ಕೈಯಿಟ್ಟರೆ ಅಂಟುತ್ತದೆ. ಪೀಠೋಪಕರಣಗಳಿಗೆ ಪಾಲಿಶ್ ಮಾಡುವ ಪರಿಚಯದವರೊಬ್ಬರು, ಪೂರ್ತಿ ಕೆರೆದು ಮರ ಕಾಣುವಂತೆ ಮೆಲಮೈನ್ ಹೊಡೆದು ಕೊಡುತ್ತೇನೆ ಎನ್ನುತ್ತಾರೆ. ಚೌತಿಯ ಕಾರ್ಯಕ್ರಮದಲ್ಲಿ ಇದನ್ನೇ ನುಡಿಸಬೇಕೆಂದು ಆಸೆ. ಕೊಡಲೇ?

ಉತ್ತರ (ವಾದ್ಯ ದುರಸ್ತಿಗಾರ, ಕಾಸರಗೋಡು):
ದಯವಿಟ್ಟು ಈಗಲೇ ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಮ್ಮೆ ಕೆರೆದ ಹಳೆಯ ಬಣ್ಣವನ್ನು ಯಾರೂ ಮರಳಿ ತರಲಾರರು. ಹಳೆಯ ವಾದ್ಯದ ಬೆಲೆ ಬಹುಮಟ್ಟಿಗೆ ಅದರ ಮೂಲ ಬಣ್ಣದಲ್ಲೇ ಇರುತ್ತದೆ, ಅದು ಎಷ್ಟೇ ಸವೆದಿರಲಿ. ಇನ್ನೊಂದು ಮಾತು: ಸನ್‌ಬರ್ಸ್ಟ್‌ನ ಅಡಿಯಲ್ಲಿ ಚೆಂದದ ಮರವೇ ಇರುತ್ತದೆಂದು ನಂಬಬೇಡಿ. ಆ ಕಾಲದ ಎಷ್ಟೋ ಬಾಡಿಗಳನ್ನು ಹಲವು ತುಂಡುಗಳನ್ನು ಅಂಟಿಸಿ ಮಾಡಿ, ಮೇಲೆ ವಿನಿಯರ್ ಎಂಬ ತೆಳ್ಳಗಿನ ಮರದ ಹಾಳೆ ಹೊದಿಸಿದ್ದಾರೆ. ಅಂಚಿನ ಕಪ್ಪು ಬಣ್ಣ ಆ ಕೂಡುಗೆರೆಗಳನ್ನು ಮುಚ್ಚಲು ಇರುವುದು. ಸ್ಯಾಂಡಿಂಗ್ ಯಂತ್ರ ಒಂದು ಸುತ್ತು ಹೆಚ್ಚು ಓಡಿದರೆ ವಿನಿಯರ್ ತೂತಾಗುತ್ತದೆ.

ಮೊದಲು ಅದು ಯಾವ ಲೇಪ ಎಂದು ತಿಳಿಯಬೇಕು. ಹಳೆಯ ಗಿಟಾರುಗಳಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣುತ್ತೇವೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳು. ವರ್ಷ ಕಳೆದಂತೆ ಹಳದಿಯಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ರಬ್ಬರ್ ಮತ್ತು ವಿನೈಲ್‌ನಿಂದ ಬಿಡುವ ರಾಸಾಯನಿಕ ತಾಗಿದರೆ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ದಪ್ಪ ಮತ್ತು ಗಡಸು. ಅದು ಸವೆಯುವುದಿಲ್ಲ, ಪೆಟ್ಟು ಬಿದ್ದರೆ ಚಕ್ಕೆಯಾಗಿ ಹಾರುತ್ತದೆ. ನಿಮ್ಮದರಲ್ಲಿ ಎರಡೂ ಲಕ್ಷಣಗಳಿವೆ. ಅದು ಅಸಹಜವಲ್ಲ. ಫೆಂಡರ್ ಕಂಪನಿ ಕೂಡ 1968ರ ಸುಮಾರಿಗೆ ಅಡಿಯಲ್ಲಿ ದಪ್ಪ ಪಾಲಿಯೆಸ್ಟರ್ ಹಾಕಲು ತೊಡಗಿತ್ತು, ಮೇಲೆ ಲ್ಯಾಕರ್ ಇರುತ್ತಿತ್ತು.

ಪರೀಕ್ಷೆ ಸುಲಭ. ತಂತಿಗಳನ್ನು ಸಡಿಲಿಸಿ, ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಹಿಡಿ) ಜೋಡಿಸಿದ ಸ್ಕ್ರೂಗಳ ಕೆಳಗಿನ ಲೋಹದ ಪಟ್ಟಿಯನ್ನು ಬಿಚ್ಚಿ. ಅಲ್ಲಿ ಮುಚ್ಚಿಹೋಗುವ ಜಾಗದಲ್ಲಿ ಹತ್ತಿಯ ಕಡ್ಡಿಯಿಂದ ಒಂದು ಹನಿ ಅಸಿಟೋನ್ ತಾಗಿಸಿ. ಮೆತ್ತಗಾಗಿ ಬಣ್ಣ ಹತ್ತಿಗೆ ಬಂದರೆ ಲ್ಯಾಕರ್. ಏನೂ ಆಗದಿದ್ದರೆ ಪಾಲಿಯೆಸ್ಟರ್. ನೆಕ್ ಹೊರಬಂದಾಗ ಅದು ಕೂರುವ ಗುಳಿಯಲ್ಲಿ ಸಣ್ಣ ರಟ್ಟಿನ ತುಂಡು ಕಂಡರೆ ಎಸೆಯಬೇಡಿ. ನೆಕ್ಕಿನ ಕೋನ ಸರಿಯಿರಲೆಂದು ಬೇಕೆಂದೇ ಇಟ್ಟದ್ದು, ಇದ್ದಲ್ಲೇ ಇರಲಿ.

ಚೌತಿಯ ವಿಷಯ: ಮಳೆಗಾಲದಲ್ಲಿ ನಮ್ಮೂರಿನಲ್ಲಿ ಲ್ಯಾಕರ್ ಸ್ಪ್ರೇ ಮಾಡಲೇಬಾರದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ಹವೆ ಸಿಗುವವರೆಗೆ ಕಾಯಿರಿ. ಬೇಗ ಒಣಗಲೆಂದು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಗೂಡಿನೊಳಗೆ ಇಡುವ ಯೋಚನೆಯೂ ಬೇಡ. ಆ ಬಿಸಿಗೆ ಲೇಪ ಬಿರಿಯುತ್ತದೆ, ನೆಕ್ ತಿರುಚಿಕೊಳ್ಳಬಹುದು.

ಪ್ರಶ್ನೆ (ನೀರ್ಚಾಲಿನಿಂದ):
ಪರೀಕ್ಷೆ ಮಾಡಿದೆ ಅಣ್ಣ. ಮೇಲಿನ ತೆಳು ಪದರ ಹತ್ತಿಗೆ ಅಂಟಿತು, ಅದರಡಿಯ ಪದರ ಅಲುಗಲಿಲ್ಲ. ಈಗ ಉದುರುತ್ತಿರುವುದನ್ನು ನಿಲ್ಲಿಸುವುದು ಹೇಗೆ?

ಉತ್ತರ:
ಅಂದರೆ ಅಡಿಯಲ್ಲಿ ಪಾಲಿಯೆಸ್ಟರ್, ಮೇಲೆ ಲ್ಯಾಕರ್. ಚೌತಿಗೆ ಇದೇ ಗಿಟಾರ್ ನುಡಿಸಬಹುದು.

ಎದ್ದ ಅಂಚುಗಳನ್ನು ಎಳೆದು ಕೀಳಬೇಡಿ. ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಸಿಗುತ್ತದೆ. ಟೂತ್‌ಪಿಕ್‌ನ ತುದಿಯಿಂದ ಒಂದು ಹನಿಯನ್ನು ಎದ್ದ ಅಂಚಿಗೆ ತಾಗಿಸಿದರೆ ಅದು ತಾನಾಗಿ ಒಳಗೆ ಇಳಿದು ಚಕ್ಕೆಯನ್ನು ಮರಕ್ಕೆ ಹಿಡಿಯುತ್ತದೆ. ಉದುರಿದ ಗುಳಿಗಳನ್ನು ಅದೇ ಅಂಟನ್ನು ಪದರ ಪದರವಾಗಿ ಹನಿಸಿ ತುಂಬಿಸಿ, ಪ್ರತಿ ಪದರ ಗಟ್ಟಿಯಾದ ಮೇಲೆ ಮುಂದಿನದು. ಸುತ್ತಲಿನ ಬಣ್ಣಕ್ಕಿಂತ ಸ್ವಲ್ಪ ಉಬ್ಬಿದಾಗ ನಿಲ್ಲಿಸಿ. ಶೇವಿಂಗ್ ಬ್ಲೇಡಿನ ಎರಡು ತುದಿಗಳಿಗೆ ಟೇಪ್ ಸುತ್ತಿ, ನಡುವಿನ ಭಾಗದಿಂದ ಉಬ್ಬನ್ನಷ್ಟೇ ಕೆರೆಯಿರಿ. ಟೇಪ್ ಇರುವುದರಿಂದ ಸುತ್ತಲಿನ ಬಣ್ಣಕ್ಕೆ ಬ್ಲೇಡ್ ತಾಗುವುದಿಲ್ಲ. ಬಳಿಕ 1000, ಕೊನೆಗೆ 2000 ನಂಬರಿನ ವಾಟರ್ ಪೇಪರ್. ಸ್ಕ್ರೂ ತೂತುಗಳ ಹತ್ತಿರ ನೀರು ಬಳಸಬೇಡಿ, ಮರ ಉಬ್ಬಿ ಇನ್ನಷ್ಟು ಬಣ್ಣ ಏಳುತ್ತದೆ.

ರಬ್ಬರಿನಿಂದ ಅಂಟಾದ ಜಾಗವನ್ನು ಸಿಗರೇಟ್ ಲೈಟರಿಗೆ ತುಂಬುವ ದ್ರವದಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಆಗಲೂ ಅಂಟಿದರೆ ಅಲ್ಲಿನ ಲ್ಯಾಕರ್ ಪೂರ್ತಿ ಕೆಟ್ಟಿದೆ ಎಂದರ್ಥ. ಆ ಜಾಗವನ್ನು ಮಾತ್ರ ಪಾಲಿಯೆಸ್ಟರ್ ಕಾಣುವವರೆಗೆ ತೆಗೆದು, ಜನವರಿಯಲ್ಲಿ ಲ್ಯಾಕರ್ ಹೊಡೆದರಾಯಿತು. ಅಲ್ಲಿಯವರೆಗೆ ಸ್ಟ್ಯಾಂಡಿನ ರಬ್ಬರಿಗೆ ಹತ್ತಿ ಬಟ್ಟೆ ಸುತ್ತಿಡಿ.

ಪ್ರಶ್ನೆ (ಮಂಜೇಶ್ವರದಿಂದ):
ನಾನು ಇಗರ್ಜಿಯ ಗಾಯನವೃಂದದಲ್ಲಿ ಬೇಸ್ ನುಡಿಸುತ್ತೇನೆ. ನನ್ನದರ ಬಾಡಿ ಚೆನ್ನಾಗಿದೆ, ನೆಕ್ಕಿನ ಹಿಂಬದಿ ಮಾತ್ರ ಬೆವರಿಗೆ ಅಂಟಾಗಿ ಹೆಬ್ಬೆರಳು ಜಾರುವುದಿಲ್ಲ. ಉಕ್ಕಿನ ನಾರಿನಿಂದ ಉಜ್ಜಬಹುದೇ?

ಉತ್ತರ:
ಉಕ್ಕಿನ ನಾರು ಬೇಡ ಅಕ್ಕಾ. ಅದರ ಪುಡಿಯನ್ನು ಪಿಕ್‌ಅಪ್‌ನ (ತಂತಿಯ ಕಂಪನವನ್ನು ಹಿಡಿಯುವ ಭಾಗದ) ಅಯಸ್ಕಾಂತ ಎಳೆದುಕೊಳ್ಳುತ್ತದೆ, ಮತ್ತೆ ತೆಗೆಯುವುದು ಬಲು ಕಷ್ಟ. ಮೊದಲು ಲೈಟರ್ ದ್ರವದಿಂದ ಒರೆಸಿ ನೋಡಿ. ಎಷ್ಟೋ ಸಲ ಅಂಟುವುದು ಲೇಪವಲ್ಲ, ವರ್ಷಗಳ ಕೊಳೆ. ಆ ಬಳಿಕವೂ ಜಾರದಿದ್ದರೆ 1000 ನಂಬರಿನ ಒಣ ಪೇಪರಿನಿಂದ ನೆಕ್ಕಿನ ಉದ್ದಕ್ಕೆ ಹಗುರವಾಗಿ ಉಜ್ಜಿ, ಹೊಳಪು ಹೋಗುವಷ್ಟು ಮಾತ್ರ. ಬೆರಳಿಡುವ ಹಲಗೆಯನ್ನು ಮುಟ್ಟಬೇಡಿ.

ಪ್ರಶ್ನೆ (ನೀರ್ಚಾಲಿನಿಂದ):
ಲ್ಯಾಕರ್ ಕೆಲಸವನ್ನು ಮನೆಯಲ್ಲೇ ಮಾಡಬಹುದೇ ಅಣ್ಣ?

ಉತ್ತರ:
ಪೀಠೋಪಕರಣಗಳಿಗೆ ಬಳಸುವ ಎನ್‌ಸಿ ಲ್ಯಾಕರ್ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಅದೂ ನೈಟ್ರೋಸೆಲ್ಯುಲೋಸೇ. ತೆಳುವಾಗಿ ಹಲವು ಸಲ ಹೊಡೆಯಿರಿ, ಕೊನೆಯ ಪದರದ ಬಳಿಕ ಮೂರು ನಾಲ್ಕು ವಾರ ಬಿಟ್ಟು ಪಾಲಿಶ್ ಮಾಡಿ. ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಲೋಹದ ಭಾಗ) ಬಿಚ್ಚುವಾಗ ಅದರಡಿಯಲ್ಲಿ ಒಂದು ತಂತಿಯ ತುದಿ ಕಾಣುತ್ತದೆ, ಅದು ಅರ್ತಿಂಗ್. ಬ್ರಿಜ್ ಮರಳಿ ಕೂರಿಸುವಾಗ ಲೋಹಕ್ಕೆ ತಾಗುವಂತಿರಬೇಕು, ಇಲ್ಲದಿದ್ದರೆ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ. ಎನ್‌ಸಿ ಲ್ಯಾಕರಿನ ಆವಿಗೆ ಬೆಂಕಿ ತಕ್ಷಣ ಹಿಡಿಯುತ್ತದೆ. ಆದ್ದರಿಂದ ಬಚ್ಚಲ ಒಲೆ, ದೇವರ ದೀಪ, ಗ್ಯಾಸ್ ಸ್ಟೌ ಎಲ್ಲದರಿಂದ ದೂರ, ತೆರೆದ ಶೆಡ್ಡಿನಲ್ಲಿ ಮಾಡಿ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ರಾಸಾಯನಿಕ ಆವಿಗೆಂದೇ ಮಾಡಿದ ಕಾರ್ಟ್ರಿಡ್ಜ್ ಮಾಸ್ಕ್ ಬೇಕು. ಅದು ಸಿಗದಿದ್ದರೆ ಆ ಒಂದು ಕೆಲಸವನ್ನು ನಿಮ್ಮ ಪಾಲಿಶ್‌ನವರಿಗೇ ಕೊಡಿ. ಯಾವ ಜಾಗಕ್ಕೆ ಹೊಡೆಯಬೇಕೆಂದು ಟೇಪ್ ಹಾಕಿ ಗುರುತು ಮಾಡಿಕೊಟ್ಟರೆ ಸಾಕು.