ಸಹಾಯ ಬೇಕು: ‘ನನಗೆ ಲೆಕ್ಕ ಬರೋದೇ ಇಲ್ಲ’ ಅನ್ನುವ ಮಗಳಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾವಿರೋದು ಕೋಲಾರದಲ್ಲಿ. ಮಗಳು ಆರನೇ ಕ್ಲಾಸು, ಚುರುಕಾಗಿದ್ದಾಳೆ. ಆದರೆ ಒಂದು ಲೆಕ್ಕ ತಪ್ಪಿದರೆ ಸಾಕು, ಪುಸ್ತಕ ಮುಚ್ಚಿಬಿಡುತ್ತಾಳೆ. ನಿನ್ನೆ 3/4ಕ್ಕೆ 2/3 ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 5/7 ಅಂತ ಬರೆದಳು. ತಪ್ಪು ಅಂತ ಗೊತ್ತಾದ ಕೂಡಲೇ ಹಾಳೆ ಹರಿಯುವಷ್ಟು ರಬ್ಬರಿನಲ್ಲಿ ಉಜ್ಜಿ, ‘ನನ್ನ ತಲೆಗೆ ಹತ್ತಲ್ಲಮ್ಮಾ’ ಅಂತ ಎದ್ದು ಹೋದಳು. ಕೂಡಿಸಿದ ಮೇಲೂ ಉತ್ತರ 3/4ಕ್ಕಿಂತ ಕಡಿಮೆ ಹೇಗಾಯಿತು ಅಂತ ಒಂದು ನಿಮಿಷ ನೋಡಿದ್ದರೆ ಆ ತಪ್ಪಿನಲ್ಲೇ ಎಷ್ಟೊಂದು ಕಲಿಯೋದಿತ್ತು!

ಅತ್ತೆಯವರು ‘ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಿಲ್ಲ, ಬಿಡು’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳೋದು. ಆದರೆ ಮಗು ಅದನ್ನೇ ನಂಬಿಬಿಡುತ್ತದೆ, ಅಲ್ವಾ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ 1998ರಲ್ಲಿ ಇನ್ನೊಬ್ಬರ ಜೊತೆ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಜಾಣೆ, ಜಾಣ ಅಂತ ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಬಿಟ್ಟರು, ಶ್ರಮಕ್ಕಾಗಿ ಹೊಗಳಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಕಲಿಯೋಕೆ ಸಿಗುವ ಕಷ್ಟದ ಪ್ರಶ್ನೆಗಳನ್ನೇ ಆರಿಸಿಕೊಂಡರು. ಹಾಗಂತ ಸುಮ್ನೆ ‘ಭೇಷ್, ಪ್ರಯತ್ನ ಪಟ್ಟೆ’ ಅಂದರೆ ಸಾಲದು, ದಾರಿ ಬದಲಿಸಿ ನೋಡಬೇಕು, ಬೇರೆಯವರನ್ನು ಕೇಳಬೇಕು ಅಂತಲೂ ಅವರೇ ಹೇಳಿದ್ದಾರೆ.

ಇಲ್ಲಿ ಟೀಚರುಗಳು, ಮಕ್ಕಳಿರುವವರು ಜಾಸ್ತಿ ಇದ್ದೀರಿ. ಮಗು ಅಳುತ್ತಾ ಕೂತ ಆ ಹೊತ್ತಿನಲ್ಲಿ ನೀವು ನಿಜವಾಗಿ ಆಡುವ ಮಾತು ಯಾವುದು, ಹಾಗೇ ಬರೆದು ತಿಳಿಸಿ. ಅತ್ತೆಯವರಿಗೆ ಬೇಜಾರಾಗದಂತೆ ಹೇಗೆ ಹೇಳಲಿ ಅನ್ನೋದನ್ನೂ ದಯವಿಟ್ಟು ಹೇಳಿ.